ಪಿಗ್ಮಿಯ ಊರಿನಿಂದ ರೈಲ್ವೆ ಮಂತ್ರಿಗಿರಿಗೆ: ಟಿ.ಎ. ಪೈ

ಊರಿನಿಂದ ದೂರವಿರುವ ನಮ್ಮ ಸಂಘದ ಮಕ್ಕಳಿಗೆ ಮಣಿಪಾಲವೆಂದರೆ ಮೆಡಿಕಲ್ ಕಾಲೇಜು, ಅಷ್ಟೇ. ಅಷ್ಟು ಸಾಲದೆಂಬ ಸಂಕಟದಿಂದ ಇದನ್ನು ಬರೆಯುತ್ತಿದ್ದೇನೆ. ಮಣಿಪಾಲ ನಮ್ಮ ಕರಾವಳಿಯಲ್ಲಿ, ಉಡುಪಿಯ ಪಕ್ಕದ ಗುಡ್ಡದ ಮೇಲಿದೆ. ಅಲ್ಲಿನ ಪೈ ಮನೆತನದ ತೋನ್ಸೆ ಅನಂತ ಪೈ (1922–1981) ಬ್ಯಾಂಕು ನಡೆಸಿ, ಬಳಿಕ ರಾಜಕೀಯಕ್ಕೆ ಬಂದು, ಭಾರತದ ರೈಲ್ವೆ ಸಚಿವರಾದರು.

ಅವರ ತಂದೆ ಉಪೇಂದ್ರ ಪೈ, ಚಿಕ್ಕಪ್ಪ ಡಾ. ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವರು ಸೇರಿ 1925ರಲ್ಲಿ 8,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಪಿಗ್ಮಿ ಠೇವಣಿ ಬಂತು: ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟರು ಮನೆಬಾಗಿಲಿಗೇ ಬಂದು ಪಡೆಯುತ್ತಿದ್ದರು.

ನನ್ನ ಅಜ್ಜಿ ಮಲ್ಲಿಗೆ ಕಟ್ಟಿ ಮಾರುತ್ತಿದ್ದರು. ಸಂಜೆ ಪಿಗ್ಮಿಯವರು ಅಂಗಳಕ್ಕೆ ಬಂದರೆ ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಎಣಿಸಿ ಕೊಡುವರು. ಮಳೆಗಾಲದಲ್ಲಿ ಹೂವಿಲ್ಲದ ದಿನ ಅವರಿಗೆ ಕಾಫಿ ಕೊಟ್ಟು "ನಾಳೆ ಬನ್ನಿ ಮಗಾ" ಎನ್ನುವರು. ಅಕ್ಷರ ಬಾರದ ಅಜ್ಜಿ ಪಾಸ್‌ಬುಕ್ಕನ್ನು ದೇವರ ಕೋಣೆಯಲ್ಲಿಡುತ್ತಿದ್ದರು. ದೊಡ್ಡತ್ತೆಯ ಮದುವೆಯ ಬಳೆ ಆ ದುಡ್ಡಿನದೇ.

ಪಿಗ್ಮಿ ಅನಂತ ಪೈಗಳ ಕಾಲಕ್ಕಿಂತ ಮೊದಲಿನದು. ಆದರೆ ಹಾಗೆ ಕೂಡಿದ ಬಡವರ ದುಡ್ಡಿನ ಬ್ಯಾಂಕನ್ನು ದೇಶದ ಉದ್ದಗಲಕ್ಕೆ ಬೆಳೆಸಿದವರು ಅವರು. 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಮಹಿಳೆಯರೇ ನಡೆಸುವ ಶಾಖೆ ತೆರೆಯಿತು. 1965ರಲ್ಲಿ ಆಹಾರ ನಿಗಮ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರೂ ಅವರೇ. 1969ರಲ್ಲಿ ಬ್ಯಾಂಕು ರಾಷ್ಟ್ರೀಕರಣಗೊಂಡಿತು. ಆಮೇಲೆ ಜೀವವಿಮಾ ನಿಗಮದ ಅಧ್ಯಕ್ಷಗಿರಿ, 1972ರಲ್ಲಿ ಪದ್ಮಭೂಷಣ.

ಅದೇ ವರ್ಷ ಜುಲೈಯಲ್ಲಿ, ಕೆಂಗಲ್ ಹನುಮಂತಯ್ಯನವರ ಬಳಿಕ, ಇಂದಿರಾ ಗಾಂಧಿಯವರ ಸಂಪುಟದಲ್ಲಿ ರೈಲ್ವೆ ಖಾತೆ ಸಿಕ್ಕಿತು. ಕನ್ನಡಿಗರೊಬ್ಬರ ಕೈಯಿಂದ ಇನ್ನೊಬ್ಬ ಕನ್ನಡಿಗರ ಕೈಗೆ! ಆಗ ಉಡುಪಿಗೆ ರೈಲೇ ಇರಲಿಲ್ಲ. ನಾವಿರುವಲ್ಲಿ ಎಲ್ಲಿಗೂ ಕಾರಿನಲ್ಲೇ ಹೋಗುವ ನಮ್ಮ ಮಕ್ಕಳಿಗೆ ರೈಲಿನ ಹಂಬಲ ಹೇಗೆ ತಿಳಿಯಬೇಕು? ಏಳು ತಿಂಗಳಾಗುವ ಮೊದಲೇ ಖಾತೆ ಬದಲಾಗಿ ಭಾರೀ ಕೈಗಾರಿಕೆಗೆ ಹೋದರು. ಅಷ್ಟು ಕಡಿಮೆ ಕಾಲದಲ್ಲಿ ಯಾರೂ ಹಳಿ ಹಾಕಿಸಲಾರರು. ಹಾಸನ–ಮಂಗಳೂರು ಮಾರ್ಗ ಪೂರ್ಣವಾದದ್ದು 1979ರಲ್ಲಿ. ಕೊಂಕಣ ರೈಲು ಬಂದಾಗ ಅವರಿರಲಿಲ್ಲ.

1977ರಲ್ಲಿ ಉಡುಪಿಯ ಜನ ಅವರನ್ನು ಲೋಕಸಭೆಗೆ ಆರಿಸಿದರು. ನನ್ನ ಮಟ್ಟಿಗೆ, ಮಂತ್ರಿಗಿರಿಗಿಂತ ದೊಡ್ಡದು ಅವರ ಬ್ಯಾಂಕಿನ ಕೆಲಸ.

ರಜೆಯಲ್ಲಿ ಊರಿಗೆ ಹೋಗುವವರು ಮಂಗಳೂರಿನಿಂದ ಉಡುಪಿಗೆ ಒಮ್ಮೆ ರೈಲಿನಲ್ಲೇ ಹೋಗಿ. ದಾರಿಯಲ್ಲಿ ಮಕ್ಕಳಿಗೆ ಟಿ.ಎ. ಪೈಗಳ ವಿಷಯ ಹೇಳಿ.