ಮರುಬಳಕೆಯ ಬಾಹ್ಯಾಕಾಶ ನೌಕೆಗಳು

ಕಕ್ಷೆಗೇರಿ, ಭೂಮಿಗೆ ಮರಳಿ, ದುರಸ್ತಿಯಾದ ಮೇಲೆ ಮತ್ತೆ ಹಾರಬಲ್ಲ ವಾಹನವೇ ಮರುಬಳಕೆಯ ಬಾಹ್ಯಾಕಾಶ ನೌಕೆ. ಯೂರಿ ಗಗಾರಿನ್ ಕುಳಿತ ವೋಸ್ತೋಕ್‌ಗೆ ಎರಡನೆಯ ಪ್ರಯಾಣವಿರಲಿಲ್ಲ; ಅದು ವಸ್ತುಸಂಗ್ರಹಾಲಯ ಸೇರಿತು.

1981ರ ಏಪ್ರಿಲ್ 12ರಂದು ಜಾನ್ ಯಂಗ್, ರಾಬರ್ಟ್ ಕ್ರಿಪ್ಪೆನ್ ಇಬ್ಬರನ್ನು ಹೊತ್ತು ಅಮೆರಿಕದ ಸ್ಪೇಸ್ ಷಟಲ್ ಕೊಲಂಬಿಯಾ ಕಕ್ಷೆಗೇರಿತು. ಎರಡು ದಿನಗಳ ನಂತರ ವಿಮಾನದಂತೆ ರನ್‌ವೇಗೆ ಇಳಿಯಿತು. ವಾತಾವರಣದ ಘರ್ಷಣೆಯ ಬಿಸಿಯನ್ನು ತಡೆದದ್ದು ಮೈಗೆ ಅಂಟಿಸಿದ್ದ ಸಾವಿರಾರು ಸಿಲಿಕಾ ಬಿಲ್ಲೆಗಳು. ಅದೇ ವರ್ಷದ ನವೆಂಬರ್ 12ರಂದು ಅದೇ ನೌಕೆ ಮತ್ತೆ ಹೊರಟಿತು. ಮರುಬಳಕೆ ನಿಜವಾದದ್ದು ಅಂದೇ. ಆದರೆ ಅಗ್ಗದ ಪ್ರಯಾಣವೆಂಬ ಭರವಸೆ ಈಡೇರಲಿಲ್ಲ. ಪ್ರತಿ ಸಲವೂ ಬಿಲ್ಲೆಗಳನ್ನೂ ಎಂಜಿನ್‌ಗಳನ್ನೂ ತಪಾಸಣೆ ಮಾಡುವುದರಲ್ಲೇ ಸಮಯ, ಹಣ ಎರಡೂ ಕರಗಿದವು. 2011ರವರೆಗೆ ಷಟಲ್‌ಗಳು ನಡೆಸಿದ್ದು 135 ಯಾನ. ಎರಡು ಅವಘಡಗಳಲ್ಲಿ 14 ಮಂದಿ ಸತ್ತರು. 2003ರಲ್ಲಿ ಕೊಲಂಬಿಯಾ ಛಿದ್ರವಾದಾಗ ಅದರೊಳಗೆ ಕಲ್ಪನಾ ಚಾವ್ಲಾ ಇದ್ದರು.

ಸೋವಿಯತ್ ಒಕ್ಕೂಟದ ಬುರಾನ್ ನೌಕೆ 1988ರ ನವೆಂಬರ್ 15ರಂದು ಯಾತ್ರಿಗಳಿಲ್ಲದೆ ಭೂಮಿಗೆ ಎರಡು ಸುತ್ತು ಹಾಕಿ ತಾನಾಗಿಯೇ ಇಳಿಯಿತು. ಷಟಲ್‌ಗೂ ಒಗ್ಗದಿದ್ದ ವಿದ್ಯೆಯದು! ಆದರೂ ಬುರಾನ್ ಮತ್ತೆ ಹಾರಲಿಲ್ಲ.

ಭಾರತ ಮೊದಲು ಕಲಿತದ್ದು ಮರಳಿ ಬರುವುದನ್ನು. 2007ರ ಜನವರಿ 10ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ ರಾಕೆಟ್ ಒಯ್ದ 550 ಕಿಲೋ ತೂಕದ ಎಸ್‌ಆರ್‌ಇ-1 ಕೋಶ, 12 ದಿನ ಕಕ್ಷೆಯಲ್ಲಿದ್ದು ಪ್ಯಾರಾಚೂಟ್ ಬಿಚ್ಚಿಕೊಂಡು ಬಂಗಾಳ ಕೊಲ್ಲಿಗೆ ಇಳಿಯಿತು.

ರನ್‌ವೇಗೆ ಇಳಿಯುವ ಪಾಠಗಳು ನಡೆದದ್ದು ಕನ್ನಡ ನೆಲದಲ್ಲೇ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ತೋಟಗಳ ಸೀಮೆಯಿಂದ ಹುಳಿಯಾರು, ಹಿರಿಯೂರು ದಾಟಿ ಉತ್ತರಕ್ಕೆ ಸಾಗಿದರೆ ಚಳ್ಳಕೆರೆ. ಹಸಿರು ತೆಳುವಾಗಿ ಬಯಲು ತೆರೆದುಕೊಳ್ಳುತ್ತದೆ. ಅಲ್ಲಿನ ವೈಮಾನಿಕ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರಂದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೋದ ರೆಕ್ಕೆಯುಳ್ಳ ವಾಹನವೊಂದನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಕೈಬಿಟ್ಟಿತು. ಅದು ತಾನೇ ದಾರಿ ಹಿಡಿದು ರನ್‌ವೇಗೆ ಬಂತು. ಮುಂದೆ 'ಪುಷ್ಪಕ್' ಎಂಬ ಹೆಸರು ಪಡೆದ ಈ ವಾಹನವನ್ನು 2024ರ ಮಾರ್ಚ್ 22 ಮತ್ತು ಜೂನ್ 23ರಂದು ಬೇಕೆಂದೇ ರನ್‌ವೇಯ ನೇರದಿಂದ ಪಕ್ಕಕ್ಕೆ ಬಿಡಲಾಯಿತು: ಮೊದಲು 150 ಮೀಟರ್, ಆಮೇಲೆ 500. ಎರಡು ಸಲವೂ ತಿದ್ದಿಕೊಂಡು ಮಧ್ಯರೇಖೆಗೆ ಇಳಿಯಿತು. ಕೊನೆಯ ಸಲ ನೆಲ ಮುಟ್ಟಿದಾಗ ವೇಗ ಗಂಟೆಗೆ 320 ಕಿಲೋಮೀಟರ್‌ಗೂ ಹೆಚ್ಚು. ಬ್ರೇಕ್ ಪ್ಯಾರಾಚೂಟ್ ಅದನ್ನು ನೂರರ ಆಸುಪಾಸಿಗೆ ತಂದಿತು. ಮೂರೂ ಪ್ರಯೋಗಗಳಿಗೆ ಬಳಸಿದ ಒಡಲು ಒಂದೇ.

ಈ ಮೂರು ಪ್ರಯೋಗಗಳು ಯಾನದ ಕೊನೆಯ ಕೆಲವು ಕಿಲೋಮೀಟರ್‌ಗಳಿಗಷ್ಟೇ ಸಂಬಂಧಿಸಿದವು. ಇದೇ ಮಾದರಿಯ ವಾಹನ 2016ರ ಮೇ 23ರಂದು ರಾಕೆಟ್ ಮೇಲೇರಿ ತಲುಪಿದ ಎತ್ತರ 65 ಕಿಲೋಮೀಟರ್. ಅದು ಬಂಗಾಳ ಕೊಲ್ಲಿಯಲ್ಲಿ ಕೊನೆಗೊಂಡಿತು. ಕಕ್ಷೆಗೆ ಹೋಗಿ ರನ್‌ವೇಗೆ ಮರಳುವ ನೌಕೆಯನ್ನು ಇಸ್ರೋ ಇನ್ನೂ ಹಾರಿಸಬೇಕಿದೆ.