ಉಸುಕಿನ ಮೇಲಿನ ಅಕ್ಷರ

ನನ್ನನ್ನು ಶಾಲೆಗೆ ಹಾಕಿದ ದಿನ ಗುಮಾಸ್ತರು ಅರ್ಜಿ ತುಂಬುತ್ತ ಅವ್ವನನ್ನು ಕೇಳಿದರು, "ನೀವೆಷ್ಟು ಕಲ್ತೀರಿ?"

"ನಮ್ಮಜ್ಜ ಊರಾಗ ಮಠದಾಗ ಹುಡುಗರಿಗೆ ಕಲಸ್ತಿದ್ದರಿ. ಅಲ್ಲೇ ಉಸುಕಿನ ಮ್ಯಾಲೆ ಬರದು ಕಲ್ತೀನ್ರಿ. ಓದಾಕ, ಲೆಕ್ಕ ಮಾಡಾಕ ಬರ್ತೈತ್ರಿ."

"ಅದಲ್ಲರೀ, ಯಾವ ಇಯತ್ತೆ ಪಾಸು?"

ಅವ್ವ ಸುಮ್ಮನಾದಳು. ಗುಮಾಸ್ತರು 'ಶಿಕ್ಷಣ: ಇಲ್ಲ' ಎಂದು ಬರೆದರು. ಮೇಜಿನ ಈಚೆ ನಿಂತು ಅದನ್ನು ತಲೆಕೆಳಗಾಗಿಯೇ ಓದಿಕೊಂಡವಳು ಅವ್ವ!

ಮುಂದೆ ನಾನು ಶಿಕ್ಷಕಿಯಾಗಲು ಓದುವಾಗ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯ ಕಥೆ ಎದುರಾಯಿತು. 1789ರಲ್ಲಿ ಆತ ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಶಾಲೆ ವಹಿಸಿಕೊಂಡ. ಒಂದು ದಿನ ನಾಟಿ ಶಾಲೆಯ ಮಕ್ಕಳು ಉಸುಕಿನ ಮೇಲೆ ಬೆರಳಿನಿಂದ ಬರೆಯುವುದನ್ನು ಕಂಡು, ಅದನ್ನೇ ತನ್ನ ಶಾಲೆಗೆ ತಂದ. ಕಲಿತ ಹುಡುಗರೇ ಕಿರಿಯರಿಗೆ ಕಲಿಸುವ ಏರ್ಪಾಟು ಮಾಡಿದ. 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಅಚ್ಚಾಯಿತು. ಅದಕ್ಕೆ 'ಮದರಾಸ್ ಪದ್ಧತಿ' ಎಂದು ಹೆಸರು ಬಂತು. ಮರುವರ್ಷ ಜೋಸೆಫ್ ಲ್ಯಾಂಕಾಸ್ಟರ್ ಲಂಡನ್ನಿನಲ್ಲಿ ಇಂಥದೇ ಬಗೆಯ ಶಾಲೆ ತೆರೆದ. ಕೆಲವೇ ದಶಕಗಳಲ್ಲಿ ಈ ಕ್ರಮ ಯುರೋಪು, ಅಮೆರಿಕಗಳಿಗೆಲ್ಲ ಹಬ್ಬಿತು.

ಒಂದು ದೇಶದ ಶಾಲೆಯನ್ನು ಇನ್ನೊಂದು ದೇಶ ನೋಡಿ ಕಲಿಯುವುದೇ ಒಂದು ವಿದ್ಯೆಯೂ ಆಯಿತು. 1817ರಲ್ಲಿ ಫ್ರಾನ್ಸಿನ ಜೂಲಿಯೆನ್, ದೇಶದೇಶಗಳಿಗೆ ಪ್ರಶ್ನಾವಳಿ ಕಳಿಸಿ ಶಾಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗಬೇಕೆಂದ. ತೌಲನಿಕ ಶಿಕ್ಷಣದ ಮೂಲಪುರುಷನೆಂದು ಅವನನ್ನೇ ಕರೆಯುತ್ತಾರೆ.

ಯಾರದು ಚಲೋ, ಯಾರಿಂದ ಏನು ತರೋಣ ಎಂಬುದೇ ಬಹುಕಾಲ ಈ ವಿದ್ಯೆಯ ದೊಡ್ಡ ಪ್ರಶ್ನೆಯಾಗಿತ್ತು. 1977ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಜಾನ್ ಮೇಯರ್ ಮತ್ತು ಬ್ರಯಾನ್ ರೋವನ್ ಬೇರೆಯೇ ಮಾತು ತೆಗೆದರು. ಸಂಸ್ಥೆಗಳು ಎಷ್ಟೋ ನಿಯಮಗಳನ್ನು ಇಟ್ಟುಕೊಳ್ಳುವುದು ಕೆಲಸ ಚೆನ್ನಾಗಿ ನಡೆಯಲೆಂದಲ್ಲ, ಸಮಾಜ ತಮ್ಮನ್ನು ಒಪ್ಪಲೆಂದು. ಹೊರಗಿನ ರೂಪ ಬೇರೆ, ಒಳಗಿನ ಕೆಲಸ ಬೇರೆ ಎಂದರು. ಶಾಲೆಯನ್ನೇ ನೋಡಿರಿ: ಇಯತ್ತೆ, ವೇಳಾಪಟ್ಟಿ, ಹಾಜರಿ, ಸರ್ಟಿಫಿಕೇಟು ಇವುಗಳ ಮೇಲೆ ಎಷ್ಟು ಕಣ್ಣು! ಮಗುವಿನ ತಲೆಗೆ ಏನು ಹೋಯಿತೆಂದು ನೋಡುವವರು ಕಡಿಮೆ. 1992ರಲ್ಲಿ ಮೇಯರ್ ಮತ್ತು ಸಂಗಡಿಗರು ಹಲವಾರು ದೇಶಗಳ ಪ್ರಾಥಮಿಕ ಪಠ್ಯಕ್ರಮಗಳನ್ನು ಹೋಲಿಸಿ ಪುಸ್ತಕ ಬರೆದರು. ಬಡದೇಶವಿರಲಿ, ಸಿರಿವಂತ ದೇಶವಿರಲಿ, ವಿಷಯಗಳ ಪಟ್ಟಿ ಹೆಚ್ಚುಕಡಿಮೆ ಒಂದೇ ಆಗಿತ್ತು.

ಮಾನವಶಾಸ್ತ್ರಜ್ಞರು ಇದನ್ನು ಪೂರ್ತಿ ಒಪ್ಪಲಿಲ್ಲ. ಕ್ಯಾಥರಿನ್ ಆ್ಯಂಡರ್ಸನ್-ಲೆವಿಟ್ 2003ರಲ್ಲಿ ಸಂಪಾದಿಸಿದ ಪುಸ್ತಕದಲ್ಲಿ, ಪಟ್ಟಿ ಒಂದೇ ಇದ್ದರೂ ತರಗತಿಯೊಳಗಿನ ಬದುಕು ಊರೂರಿಗೂ ಬೇರೆ ಎಂದು ತೋರಿಸಿದರು. ಇಬ್ಬರ ಮಾತೂ ನನಗೆ ನಿಜವೆನಿಸುತ್ತದೆ.

ಮದರಾಸಿನ ಉಸುಕು ಲಂಡನ್ನಿಗೆ ಹೋಗಿ 'ಪದ್ಧತಿ' ಎನಿಸಿಕೊಂಡಿತು. ಅವ್ವನ ಉಸುಕಿಗೆ ಅರ್ಜಿಯಲ್ಲಿ ಜಾಗವೇ ಇರಲಿಲ್ಲ. ಆ ಗುಮಾಸ್ತರು ಕೆಟ್ಟವರಲ್ಲ. ಶಾಲೆ ಕೊಟ್ಟದ್ದೇ ಶಿಕ್ಷಣ ಎಂದು ಲೋಕವೇ ನಂಬಿತ್ತು.

ಅವ್ವ ತೀರಿಕೊಂಡ ಮೇಲೆ ಅವಳ ಟ್ರಂಕಿನಲ್ಲಿ ಹಾಲಿನ ಲೆಕ್ಕದ ವಹಿಗಳು ಸಿಕ್ಕವು. ಕೂಡಿಸಿ ನೋಡಿದೆ, ಒಂದು ಪೈಸೆಯೂ ತಪ್ಪಿರಲಿಲ್ಲ. ಆಗ ನೆನಪಾಯಿತು: ನಾನೂ ಶಿಕ್ಷಕಿಯಾಗಿ ಎಷ್ಟೋ ತಾಯಂದಿರ ಹೆಸರಿನ ಮುಂದೆ 'ಇಲ್ಲ' ಎಂದು ಬರೆದಿದ್ದೇನೆ. ಅವರಲ್ಲಿ ಎಷ್ಟು ಮಂದಿ ಅದನ್ನು ಮೇಜಿನ ಆಚೆ ನಿಂತು ಓದಿಕೊಂಡರೋ, ನಾನು ಕೇಳಲೇ ಇಲ್ಲ.