ಒಂದು ಸಿಪಿಯು, ನಾಲ್ಕು ಮಾನಿಟರ್, ಎಷ್ಟು ಲೈಸೆನ್ಸು?

2010ರಲ್ಲಿ ನಾನು ಕೊಟ್ಟೂರಿನಲ್ಲಿ ಎಂಟನೇ ಕ್ಲಾಸು. ಬೇಸಿಗೆ ರಜೆಯಲ್ಲಿ 'ನುಡಿ' ಟೈಪಿಂಗ್ ಕಲಿಯಲು ಒಂದು ಕಂಪ್ಯೂಟರ್ ಸೆಂಟರ್‌ಗೆ ಹೋಗುತ್ತಿದ್ದೆ. ಅಲ್ಲಿ ನಾಲ್ಕು ಮಾನಿಟರ್, ನಾಲ್ಕು ಕೀಬೋರ್ಡ್... ಆದರೆ ಸಿಪಿಯು ಒಂದೇ! ಒಳಗೊಂದು ಕಾರ್ಡ್ ಹಾಕಿ, ಪ್ರತಿ ಮಾನಿಟರ್ ಪಕ್ಕ ಸಣ್ಣ ಡಬ್ಬಿ ಇಟ್ಟಿದ್ದರು. ಕರೆಂಟ್ ಹೋದರೆ ಒಂದು ಯುಪಿಎಸ್ ಸಾಕು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಂಥ ನಮ್ಮ ಕಡೆಯ ಊರುಗಳಲ್ಲಿ ಸೆಂಟರ್ ನಡೆಸುವವರಿಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ?

ಸಿಪಿಯು ಮೇಲೆ ವಿಂಡೋಸ್ ಎಕ್ಸ್‌ಪಿ ಸ್ಟಿಕರ್ ಹೊಳೆಯುತ್ತಿತ್ತು. "ನಮ್ದು ಒರಿಜಿನಲ್ ಐತಪ, ಬಿಲ್ ಐತಿ" ಎಂದು ಸರ್ ಹೆಮ್ಮೆಯಿಂದ ಹೇಳುತ್ತಿದ್ದರು. ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಆ ಲೈಸೆನ್ಸನ್ನು ಓದಿದೆ. ನಾಲ್ವರಲ್ಲಿ ಮೂವರು ಲೈಸೆನ್ಸ್ ಇಲ್ಲದೆ ಕೂತಿದ್ದೆವು!

ಹೀಗೇಕೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಒಂದು ಕಂಪ್ಯೂಟರನ್ನು ಹಲವರು ಹಂಚಿಕೊಳ್ಳುವುದು ಹೊಸದೇನಲ್ಲ. 1961ರಲ್ಲೇ ಎಂಐಟಿಯಲ್ಲಿ ಸಿಟಿಎಸ್‌ಎಸ್ ತೋರಿಸಿದ್ದರು. ಯಂತ್ರ ದುಬಾರಿ, ಹಂಚಿಕೊಳ್ಳದೆ ಗತ್ಯಂತರವಿರಲಿಲ್ಲ. 1969ರಲ್ಲಿ ಶುರುವಾದ ಯುನಿಕ್ಸ್ ಬೆಳೆದದ್ದೂ ಹೀಗೆಯೇ. 1981ರ ಐಬಿಎಂ ಪಿಸಿ ಬಂದ ಮೇಲೆ ಒಬ್ಬರಿಗೊಂದು ಯಂತ್ರ ಅನ್ನೋದು ರೂಢಿಯಾಯಿತು. ಡೆಸ್ಕ್‌ಟಾಪ್ ಲೈಸೆನ್ಸುಗಳೂ ಅದೇ ಅಳತೆಗೆ ಹೊಲಿದ ಅಂಗಿಗಳು.

1995ರಲ್ಲಿ ಸಿಟ್ರಿಕ್ಸ್ ಕಂಪನಿಯ ವಿನ್‌ಫ್ರೇಮ್, 1998ರಲ್ಲಿ ಎನ್‌ಟಿ 4.0 ಟರ್ಮಿನಲ್ ಸರ್ವರ್ ಬಂದವು. ಒಂದೇ ವಿಂಡೋಸ್‌ನಲ್ಲಿ ಹಲವರು! ಆಗ ಲೆಕ್ಕ ಯಂತ್ರದಿಂದ ಕುರ್ಚಿಗೆ ಬಂತು. ಸರ್ವರ್ ಲೈಸೆನ್ಸ್ ಒಂದು, ಪ್ರತಿ ಬಳಕೆದಾರ ಅಥವಾ ಸಾಧನಕ್ಕೊಂದು ಸಿಎಎಲ್, ಅದರ ಮೇಲೆ ಟರ್ಮಿನಲ್ ಸರ್ವರ್‌ದೇ ಇನ್ನೊಂದು ಸಿಎಎಲ್. ವಿಂಡೋಸ್ 2000 ಇದ್ದ ಯಂತ್ರಗಳಿಗೆ ಈ ಎರಡನೆಯದನ್ನು ಕೊಳ್ಳಬೇಕಿರಲಿಲ್ಲ. 2003ರ ಸರ್ವರ್ ಬಂದಾಗ ಆ ರಿಯಾಯಿತಿಯೂ ಹೋಯಿತು. ಆಫೀಸ್ ತಂತ್ರಾಂಶಕ್ಕೆ ಮತ್ತೆ ಕುರ್ಚಿಗೊಂದು ಲೈಸೆನ್ಸ್.

ಎಕ್ಸ್‌ಪಿ ಪ್ರೊಫೆಷನಲ್ ಒಪ್ಪಂದದಲ್ಲಿ 'ಹತ್ತು ಕಂಪ್ಯೂಟರ್' ಎಂಬ ಮಾತಿತ್ತು. ಆದರೆ ಅದು ಫೈಲ್, ಪ್ರಿಂಟರ್ ಹಂಚಿಕೆಯಂಥ ಕೆಲವು ಸೇವೆಗಳಿಗೆ ಮಾತ್ರ. ಹತ್ತು ಜನ ಕೂತು ಕೆಲಸ ಮಾಡಲು ಅಲ್ಲ.

ನಮ್ಮ ಬಸ್ಸಿನ ಹಾಗೆ ನೋಡಿ. ಬಸ್ಸು ಒಂದೇ ಅಂತ ಕಂಡಕ್ಟರ್ ಒಂದೇ ಟಿಕೆಟ್ ಹರಿಯುತ್ತಾನೆಯೇ?

2008ರಲ್ಲಿ ಪಕ್ಕದ ಆಂಧ್ರದಲ್ಲಿ ಎನ್‌ಕಂಪ್ಯೂಟಿಂಗ್ ಸಾಧನಗಳನ್ನು 5,000 ಶಾಲೆಗಳಿಗೆ ಕೊಡುವ ಯೋಜನೆ ಸುದ್ದಿಯಾಯಿತು. ಸುಮಾರು 50,000 ಮಕ್ಕಳು ಒಮ್ಮೆಗೇ ಕೂರುವಷ್ಟು. ಮೈಕ್ರೋಸಾಫ್ಟ್ ಶಾಲೆಗಳಿಗೆಂದೇ ಮಲ್ಟಿಪಾಯಿಂಟ್ ಸರ್ವರ್ ತಂದದ್ದು 2010ರಲ್ಲಿ. ಅಲ್ಲೂ ಕುರ್ಚಿಗೊಂದು ಸಿಎಎಲ್ ಬೇಕಿತ್ತು. 2016ರಲ್ಲಿ ಅದು ವಿಂಡೋಸ್ ಸರ್ವರ್ ಒಳಗೇ ಸೇರಿತು, ನಂತರ ಅಭಿವೃದ್ಧಿ ನಿಂತಿತು.

ಬೇರೆ ದಾರಿ ಇರಲಿಲ್ಲವೇ? ಇತ್ತು. ಲಿನಕ್ಸ್‌ನ ಜಿಪಿಎಲ್ ಪ್ರೋಗ್ರಾಂ ಓಡಿಸಲು ತಲೆ ಎಣಿಸುವುದಿಲ್ಲ. ಎಲ್‌ಟಿಎಸ್‌ಪಿ 1999ರಿಂದಲೇ ಇದೆ. 2012ರ ಫೆಡೋರಾ 17ರಲ್ಲಂತೂ ಯುಎಸ್‌ಬಿ ಡಬ್ಬಿ ಸಿಕ್ಕಿಸಿದರೆ ಇನ್ನೊಂದು ಲಾಗಿನ್ ತಾನೇ ಬರುತ್ತಿತ್ತು. ಆದರೆ ನಮಗೆ ಬೇಕಿದ್ದದ್ದು ನುಡಿ. ಅದು ಪುಕ್ಕಟೆ ನಿಜ, ಆದರೆ ಓಡುತ್ತಿದ್ದದ್ದು ವಿಂಡೋಸ್ ಮೇಲೆ. ಕನ್ನಡ ಕಲಿಯಲು ಬಂದವರು ಹೀಗೆ ವಿಂಡೋಸ್ ಲೆಕ್ಕಕ್ಕೆ ಸಿಕ್ಕಿಬಿದ್ದೆವು.

ಜಾತ್ರೆಗೆ ಊರಿಗೆ ಹೋದಾಗ ಸರ್ ಸಿಕ್ಕಿದ್ದರು. ಸೆಂಟರ್ ಮುಚ್ಚಿ ವರ್ಷಗಳೇ ಆಗಿವೆ. ತಡೆಯಲಾರದೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮೂರು ಸಿಪಿಯು ರೊಕ್ಕ ಉಳಿತೈತಿ ಅಂತ ಲೆಕ್ಕ ಹಾಕಿ ತೋರ್ಸಿದ್ನಲ್ಲಪ ಆ ಮಾರಿದಾತ, ಇದನ್ಯಾಕ ಹೇಳಲಿಲ್ಲ?" ಎಂದರು.

ನನ್ನ ಹತ್ತಿರ ಉತ್ತರವಿರಲಿಲ್ಲ. ಪೈರಸಿ ಅಂದಾಗೆಲ್ಲ ಈಗ ಕದ್ದ ಸಿಡಿಗಿಂತ ಮೊದಲು ಬಿಲ್ ಜೋಪಾನವಾಗಿಟ್ಟಿದ್ದ ಆ ಸರ್ ನೆನಪಾಗುತ್ತಾರೆ.